ಚಲಪತಿ ಬಿಟ್ಟ ಸಾಲು

ಬಂಗಾರಪೇಟೆ ತಾಲ್ಲೂಕು ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಒಂದು ಕಾಲಕ್ಕೆ ಹನ್ನೊಂದು ಮಂದಿ ಅರ್ಜಿ ಬರೆಯುವವರಿದ್ದರು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಎಂಟು ಮಂದಿ ಮೇಜು ಮಡಿಚಿಕೊಂಡು ಹೋದರು. ಚಲಪತಿ ಹೋಗಲಿಲ್ಲ. ಹೋಗುತ್ತೇನೆಂದಿದ್ದರೂ ಜನ ಬಿಡುತ್ತಿರಲಿಲ್ಲ. ಕಂಪ್ಯೂಟರಿನವನು ಕೇಳಿದ್ದನ್ನು ಕುಟ್ಟಿ ಕೊಡುತ್ತಾನೆ, ಅಷ್ಟೆ. ಏನು ಕೇಳಬೇಕು, ಯಾರನ್ನು ಕೇಳಬೇಕು, ಯಾವ ಸಾಹೇಬರು ರಜೆಗೆ ಹೋದಾಗ ಕೇಳಿದರೆ ಕೆಲಸ ಆಗುತ್ತದೆ, ಇವೆಲ್ಲ ಚಲಪತಿಯ ಹೊಟ್ಟೆಯೊಳಗಿನ ಸಂಗತಿಗಳು. ಕೆ.ಜಿ.ಎಫ್. ರಸ್ತೆಯಲ್ಲಿರುವ ಅವನ ಊರಿನಲ್ಲಂತೂ ಸರ್ಕಾರ ಎಂದರೆ ಅರ್ಧ ಚಲಪತಿ. ಪಿಂಚಣಿ ನಿಂತಿತೇ, ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆಯೇ, ಕಾರ್ಡಿನಿಂದ ಸೊಸೆಯ ಹೆಸರು ಬಿಟ್ಟುಹೋಗಿದೆಯೇ, ಅವನು ಒಂದು ಮಾತು ಹೇಳಿದರೆ ಸರಿ. "ಚಲಪತಿ ಏಳಿದ ಮ್ಯಾಲೆ ಮುಗೀತು" ಎಂದು ಎದ್ದು ಹೋಗುತ್ತಿದ್ದರು.

ಅವನು ಬರೆಯುವ ರೀತಿಯೂ ಹಾಗೇ ಇತ್ತು. ಅವನ ಅರ್ಜಿಗಳಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ. ದಾಖಲೆ ಕಣ್ತಪ್ಪಿನಿಂದ ಕಳೆದಿರುತ್ತದೆ, ಮದುವೆ ಅನಿವಾರ್ಯ ಕಾರಣದಿಂದ ನೋಂದಣಿಯಾಗದೆ ಉಳಿದಿರುತ್ತದೆ, ಅಣ್ಣ ತಮ್ಮನ ಜಮೀನು ನುಂಗಿದ್ದು ಕೂಡ ಮಾಹಿತಿಯ ಕೊರತೆಯಿಂದ. ಮೂವತ್ತು ವರ್ಷ ಹೀಗೆ ಬರೆದು ಬರೆದು ಅದು ಅವನ ಮಾತಿಗೂ ಹತ್ತಿಕೊಂಡಿತ್ತು. ಕೆಟ್ಟವನೇನೂ ಅಲ್ಲ. ಜನರ ಮುಖ ಉಳಿಸುವುದು ಅವನ ಕಸುಬು, ಅದರಲ್ಲಿ ತನ್ನ ಮುಖವನ್ನೂ ಉಳಿಸಿಕೊಳ್ಳುತ್ತಿದ್ದ.

ಅವನ ತಾಯಿ ಮುನಿಯಮ್ಮನಿಗೆ ಎಪ್ಪತ್ತೆರಡು. ಆ ವಯಸ್ಸಿನಲ್ಲೂ ಟೊಮೆಟೊ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬೇಡವೆಂದರೆ ಮನೆಯಲ್ಲಿ ಕೂತರೆ ಮಂಡಿ ಹಿಡಿಯುತ್ತದೆ ಎನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಓರಗಿತ್ತಿಯೊಬ್ಬಳು ಕೋಲಾರದ ಆಸ್ಪತ್ರೆಯಲ್ಲಿ ಮೂಗಿಗೆ ಬಾಯಿಗೆ ನಳಿಕೆ ಹಾಕಿಸಿಕೊಂಡು ನಲವತ್ತು ದಿನ ಮಲಗಿದ್ದು ತೀರಿಹೋಗಿದ್ದಳು. ನೋಡಿಕೊಳ್ಳಲು ಹೋಗಿದ್ದವಳು ಮುನಿಯಮ್ಮನೇ. ಅಲ್ಲಿಂದ ಬಂದ ದಿನ ತಟ್ಟೆಯ ಮುಂದೆ ಕೂತು ಮಗನಿಗೆ ಹೇಳಿದ್ದಳು: "ನನ್ನ ಅಂಗೆ ಮಾಡ್ಬ್ಯಾಡ ಕಣ್ಲಾ ಚಲಪತಿ. ಉಸ್ರು ನಂದಾದ್ರೆ ಇರ್ತೀನಿ. ಮಿಷಿನ್ದಾದ್ರೆ ಬುಟ್ಬುಡು."

ಇದನ್ನು ಒಂದು ಸಲವಲ್ಲ, ಹತ್ತು ಸಲ ಹೇಳಿದ್ದಳು. ಎರಡು ಸಾವಿರದ ಇಪ್ಪತ್ತೈದರ ಜನವರಿಯಲ್ಲಿ ಸರ್ಕಾರದ ಸುತ್ತೋಲೆ ಬಂತಲ್ಲ, ವಾಸಿಯಾಗುವ ಆಸೆಯಿಲ್ಲದ ರೋಗಿಯ ಯಂತ್ರವನ್ನು ಹೇಗೆ ನಿಲ್ಲಿಸಬಹುದು, ಯಾರು ಒಪ್ಪಬೇಕು, ಮೊದಲೇ ಬರೆದಿಡುವವರು ಹೇಗೆ ಬರೆದಿಡಬೇಕು ಎಂದು, ಅದನ್ನು ಚಲಪತಿ ಪೇಪರಿನಲ್ಲಿ ಓದಿದ್ದ. ಕೆ.ಜಿ.ಎಫ್. ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರು ಗೆಳೆಯರು ಅವನ ಮೇಜಿಗೇ ಬಂದು ಅಂಥ ಪತ್ರ ಬರೆಸಿಕೊಂಡು, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು, ನೋಟರಿ ಹತ್ತಿರ ಹೋಗಿದ್ದರು. ಮನೆಗೆ ಬಂದು ಹೇಳಿದಾಗ ಮುನಿಯಮ್ಮ ನನಗೂ ಒಂದು ಬರೆದುಬಿಡು ಎಂದಳು. ಅವನು ಬಾಯಿ ಮುಚ್ಚಮ್ಮ, ಒಳ್ಳೆ ಹೊತ್ತಿನಲ್ಲಿ ಕೆಟ್ಟ ಮಾತು ಎಂದ. ಊರಿಗೆಲ್ಲ ಬರೆದುಕೊಡುವ ಮಗ ತಾಯಿಗೆ ಒಂದು ಹಾಳೆ ಬರೆಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನೇ ನೋಡಿ.

ಮಾರ್ಚ್ ತಿಂಗಳಲ್ಲಿ ಮುನಿಯಮ್ಮ ಬಚ್ಚಲ ಬಾಗಿಲಲ್ಲಿ ಕುಸಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಕೋಲಾರದಲ್ಲಿ ಯಂತ್ರ ಹಾಕಿದರು. ಹತ್ತೊಂಬತ್ತು ದಿನ ಕಳೆದರೂ ಬೆಳಕು ಹಿಡಿದಾಗ ಕಣ್ಣಿನ ಪಾಪೆ ಅಲುಗಲಿಲ್ಲ. ಹಿರಿಯ ಡಾಕ್ಟರಮ್ಮ ಚಲಪತಿಯನ್ನೂ ಅವನ ಹೆಂಡತಿ ಇಂದ್ರಾಣಿಯನ್ನೂ ಕೂರಿಸಿಕೊಂಡು ಸಾವಧಾನವಾಗಿ ವಿವರಿಸಿದರು. ಇನ್ನು ಈ ಯಂತ್ರದಿಂದ ಉಪಯೋಗವಿಲ್ಲ, ಮೂವರು ಡಾಕ್ಟರುಗಳು ನೋಡಿ ಬರೆಯುತ್ತಾರೆ, ಆಮೇಲೆ ಬೇರೆ ಮೂವರು ನೋಡುತ್ತಾರೆ, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದವರು, ಮ್ಯಾಜಿಸ್ಟ್ರೇಟರಿಗೂ ತಿಳಿಸುತ್ತೇವೆ. ಇಷ್ಟೆಲ್ಲ ಇದ್ದರೂ ಮನೆಯವರು ಒಪ್ಪದೆ ಯಾರೂ ಒಂದು ನಳಿಕೆ ಮುಟ್ಟುವುದಿಲ್ಲ. "ಸರ್ಕಾರ ತೀರ್ಮಾನ ಮಾಡಲ್ಲ ಚಲಪತಿಯವರೇ. ತಪ್ಪಾಗದ ಹಾಗೆ ನೋಡ್ಕೊಳ್ಳುತ್ತೆ, ಅಷ್ಟೆ. ನಿಮ್ಮ ತಾಯಿ ಏನು ಬಯಸ್ತಿದ್ದರು, ಅದನ್ನ ನೀವೇ ಹೇಳಬೇಕು."

ಚಲಪತಿ ಹೇಳಿದ. ತಾಯಿ ತಟ್ಟೆಯ ಮುಂದೆ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ ಅತ್ತುಬಿಟ್ಟ. ಇಂದ್ರಾಣಿಯೂ ಹೌದೆಂದಳು. ಸಹಿ ಹಾಕಿದ. ಎರಡನೆಯ ತಂಡ ನೋಡಿದ ಮರುದಿನ ಬೆಳಿಗ್ಗೆ ಯಂತ್ರ ನಿಲ್ಲಿಸಿದರು. ಮಗ ಕೈ ಹಿಡಿದುಕೊಂಡಿದ್ದ ಹಾಗೇ ಮುನಿಯಮ್ಮ ಮುಕ್ಕಾಲು ಗಂಟೆ ಇದ್ದಳು. ನೋವೇನೂ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಚಲಪತಿ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಜೀವಮಾನದಲ್ಲಿ ಅವನು ಮಾಡಿದ ಅತಿ ನೇರವಾದ ಕೆಲಸ ಅದೇ ಎಂದರೂ ನಡೆಯುತ್ತದೆ.

ಕೆಟ್ಟಿದ್ದು ಮನೆಗೆ ಬಂದ ಮೇಲೆ. ಹೆಣ ಅಂಗಳದಲ್ಲಿತ್ತು. ಅವನ ಸೋದರತ್ತೆ ಗಂಗರತ್ನಮ್ಮ, ಗಂಟಲು ಎತ್ತಿದರೆ ಮೂರು ಬೀದಿಗೆ ಕೇಳುವ ಹೆಂಗಸು, ಎಲ್ಲರ ಮುಂದೆ ಕೇಳಿದಳು. ಉಸಿರಾಡುತ್ತಿದ್ದವಳ ಮಿಷಿನ್ನು ತೆಗೆಸಿದಿರಂತಲ್ಲ, ಯಾರಪ್ಪಾ ಒಪ್ಪಿದ್ದು? ಕೇಳುತ್ತಲೇ ಇಂದ್ರಾಣಿಯ ಕಡೆಗೆ ಒಂದು ನೋಟ ಎಸೆದಳು. ಅಂಗಳದಲ್ಲಿ ಐವತ್ತು ಜನ. ಎಲ್ಲರ ಕಣ್ಣೂ ಅವನ ಮೇಲೆ.

ಚಲಪತಿಯ ಬಾಯಿಂದ ತಾನಾಗಿ ಬಂತು. "ಸರ್ಕಾರದ ಆದೇಶ ಅತ್ತೆ. ನಮ್ಮ ಕೈಯಾಗೆ ಏನೈತೆ?"

ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೋ ಏನೋ. ಆದರೆ ಅರ್ಜಿ ಬರೆಯುವವನಿಗೆ ವಿವರ ಕೊಡದೆ ಇರುವುದಕ್ಕಾಗುವುದಿಲ್ಲ. ಜನವರಿಯಲ್ಲಿ ಹೊಸ ಸುತ್ತೋಲೆ ಬಂದಿದೆ ಎಂದ. ಆರು ಜನ ಡಾಕ್ಟರುಗಳು ಎರಡು ತಂಡವಾಗಿ ಬಂದು ನೋಡುತ್ತಾರೆ ಎಂದ. ಜಿಲ್ಲೆಯಿಂದ ಒಬ್ಬರು ಬರುತ್ತಾರೆ, ಕೋರ್ಟಿಗೂ ಕಾಗದ ಹೋಗುತ್ತದೆ ಎಂದ. ಎಲ್ಲವೂ ನಿಜವೇ. ಒಂದು ಸಾಲು ಮಾತ್ರ ಬಿಟ್ಟ, ಮನೆಯವರ ಒಪ್ಪಿಗೆಯ ಸಾಲು. ಅದೊಂದು ಇಲ್ಲದೆ ಹೋದದ್ದರಿಂದ ಉಳಿದ ನಿಜವೆಲ್ಲ ಸೇರಿ ಒಂದು ದೊಡ್ಡ ಸುಳ್ಳಾಯಿತು. ಗಂಗರತ್ನಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡು, ಕಾಲ ಎಂಥಾದ್ದು ಬಂತಪ್ಪಾ, ಇಂಥ ಸರ್ಕಾರಕ್ಕೆ ಮಣ್ಣು ಹಾಕ ಎಂದು ಅತ್ತಳು. ಅವಳ ಪಕ್ಕದವರೂ ಅತ್ತರು. ಚಲಪತಿಯನ್ನು ಯಾರೂ ಏನೂ ಅನ್ನಲಿಲ್ಲ. ಪಾಪ ಎಂದರು.

ಆ ಪಾಪ ಎಂಬ ಮಾತು ಎಷ್ಟು ಹಗುರವಾಗಿತ್ತೆಂದರೆ ಅವನಿಗೆ ನಾಚಿಕೆಯಾಗುವುದಕ್ಕೆ ಮೂರು ದಿನ ಬೇಕಾಯಿತು. ತಾಯಿ ಕೊನೆಗೆ ಅವನ ಮೇಲೆ ಇಟ್ಟಿದ್ದು ಒಂದೇ ನಂಬಿಕೆ. ಅದನ್ನು ನಡೆಸಿಕೊಟ್ಟವನು ತಾನೇ ಎಂದು ಹೇಳುವ ಬದಲು, ಅವಳನ್ನು ಸರ್ಕಾರ ಕೊಂದಿತು ಎಂದು ಊರು ಅಳುವಂತೆ ಮಾಡಿದ್ದ. ಹೆಂಡತಿಗೆ, ನಿನ್ನ ಮೇಲೆ ಮಾತು ಬರಬಾರದು ಅಂತ ಹಾಗೆ ಹೇಳಿದೆ ಎಂದ. ಇಂದ್ರಾಣಿ ಕಡಿಮೆ ಮಾತಿನವಳು. "ನನ್ನ ಎಸ್ರು ಯಾಕೆ ತತ್ತೀರಿ? ನಾನು ಕೇಳಿದ್ನಾ?" ಎಂದಳು. ಹನ್ನೊಂದನೆಯ ದಿನದ ಎಡೆಗೆ ಮುದ್ದೆ ಕಟ್ಟುತ್ತಿದ್ದಳು, ಕಟ್ಟುತ್ತಲೇ ಇದ್ದಳು. ಅವನು ಒಳಗೆ ಹೋಗಿ ಕೂತ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಗರತ್ನಮ್ಮ ಕೂಲಿಗೆ ಹೋದ ಕಡೆಯೆಲ್ಲ ಇದನ್ನೇ ಹೇಳಿದಳು. ಟೊಮೆಟೊ ಮಂಡಿಯಲ್ಲಿ ಹೇಳಿದರು, ಮಾರಿಕುಪ್ಪಂ ರೈಲುಗಾಡಿಯಲ್ಲಿ ಹೇಳಿದರು, ಆಂಡರ್ಸನ್‌ಪೇಟೆಯ ಆಟೋದವರು ತಮಿಳಿನಲ್ಲೂ ಹೇಳಿದರು. ಇಪ್ಪತ್ತು ದಿನ ನೋಡಿ ಸರ್ಕಾರದವರು ಬಂದು ನಳಿಕೆ ಕಿತ್ತುಬಿಡುತ್ತಾರಂತೆ. ಯಾರು ಹೇಳಿದ್ದೆಂದರೆ ತಾಲ್ಲೂಕು ಕಚೇರಿಯ ಹತ್ತಿರ ಕೂರುವ ಸರ್ಕಾರ ಬಲ್ಲವರೇ ಹೇಳಿದ್ದಂತೆ. ಚಲಪತಿಯ ಕಿವಿಗೂ ಇದು ಸುತ್ತಿ ಸುತ್ತಿ ಬಂತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡು, ಮುಂದಿನ ಅರ್ಜಿ ತೆಗೆದುಕೊಂಡ.

ಜೂನ್ ತಿಂಗಳಲ್ಲಿ ಅವನ ಸೋದರಮಾವ ಕೋದಂಡಪ್ಪನಿಗೆ ಜ್ವರ ಬಂತು. ಮುನಿಯಮ್ಮನ ಬೆನ್ನಿಗೆ ಬಿದ್ದ ತಮ್ಮ, ಅರವತ್ತಾರರ ವಯಸ್ಸು. ಬಂಗಾರಪೇಟೆಗೂ ಮಾರಿಕುಪ್ಪಂಗೂ ನಡುವೆ ಓಡುವ ಗಾಡಿಯಲ್ಲಿ ಕಡಲೆಕಾಯಿ, ಸೀಬೆಹಣ್ಣು ಮಾರಿಕೊಂಡು ಮೂರು ಭಾಷೆಯಲ್ಲಿ ಚೇಷ್ಟೆ ಮಾಡುತ್ತಿದ್ದ ಮನುಷ್ಯ. ಅವನ ಮಗಳು ಶ್ಯಾಮಲ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎರಡೂ ಶ್ವಾಸಕೋಶಕ್ಕೆ ಸೋಂಕು ಹತ್ತಿತ್ತು. ಕೂಡಲೇ ಕೋಲಾರಕ್ಕೆ ಹೋಗಿ, ನಾಲ್ಕು ದಿನ ಯಂತ್ರದ ಉಸಿರು ಬೇಕಾಗಬಹುದು, ಹೆದರಬೇಡಿ, ಗಟ್ಟಿ ಮೈ, ಗುಣವಾಗುತ್ತಾರೆ ಎಂದು ಅಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟರು. ಯಂತ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ಕೋದಂಡಪ್ಪ ಮಂಚದಿಂದ ಇಳಿದು, ಚಪ್ಪಲಿ ಹುಡುಕಿ, ಆಟೋ ಹತ್ತಿ ಮನೆಗೆ ಬಂದುಬಿಟ್ಟ.

ಮಂಗಳವಾರ ಶ್ಯಾಮಲ ಚಲಪತಿಯ ಮೇಜಿಗೇ ಬಂದಳು. ಅಪ್ಪ ಯಾರ ಮಾತೂ ಕೇಳುತ್ತಿಲ್ಲ, ಬಾವ, ನೀವು ಬಂದು ಹೇಳಿ ಎಂದಳು. "ಸರ್ಕಾರದ ವಿಷ್ಯದಾಗೆ ನೀವು ಸುಳ್ಳು ಏಳಲ್ಲ ಅಂತ ನಂಬ್ಕಂಡವ್ರೆ. ನೀವು ಏಳಿದ್ರೆ ಓಗ್ತಾರೆ."

ಚಲಪತಿ ಹೋದ. ಕೋದಂಡಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನರ್ಸೊಬ್ಬಳು ಬಂದು ಸೂಜಿ ಚುಚ್ಚಿ ಹೋಗಿದ್ದಳು. ಚಲಪತಿ ಸುತ್ತಿ ಬಳಸಿ ಮಾತಾಡಿದ. ನಿನ್ನ ಕಾಯಿಲೆ ಬೇರೆ, ಅಮ್ಮನ ಕಾಯಿಲೆ ಬೇರೆ ಎಂದ. ನಿಯಮ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂದ. ಮಾವ ಎಂದಿನಂತೆ ಅಳಿಯನನ್ನು ತೆಲುಗಿನಲ್ಲೇ ಕರೆದು, ಮಧ್ಯೆ ಮಧ್ಯೆ ನಿಂತು ಉಸಿರೆಳೆದುಕೊಂಡು ಉತ್ತರ ಕೊಟ್ಟ. "ಅಲ್ಲುಡು, ನೀನು ಅಲ್ಲೇ ಇದ್ದೆ. ಸರ್ಕಾರ ಬಲ್ಲೋನು. ನಿನ್ನ ತಾಯ್ನೇ ಉಳಿಸ್ಕೊಳ್ಳಾಕಾಗ್ಲಿಲ್ಲ. ನನ್ನ ಮಗ್ಳು ಯಾವ ಲೆಕ್ಕ?"

ಆಗಲೇ ಹೇಳಬೇಕಿತ್ತು. ಆದರೆ ಹೊಸ್ತಿಲಲ್ಲಿ ನೆರೆಹೊರೆಯ ನಾಲ್ಕು ಹೆಂಗಸರು ನಿಂತಿದ್ದರು, ಒಬ್ಬಳು ಗಂಗರತ್ನಮ್ಮನ ಸೊಸೆ. ತಾಯಿಯ ಉಸಿರು ನಿಲ್ಲಿಸಲು ಸಹಿ ಹಾಕಿದವನು ಎಂದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಜೊತೆಗೆ ಅದನ್ನು ಮುಚ್ಚಿಟ್ಟು ಮೂರು ತಿಂಗಳು ಪಾಪ ಎನಿಸಿಕೊಂಡವನು ಎಂದೂ ತಿಳಿಯುತ್ತದೆ. ಮೊದಲನೆಯದಾದರೂ ಸಹಿಸಬಹುದೇನೋ, ಎರಡನೆಯದು ಆಗದು. ಚಲಪತಿ ನಾಳೆ ಬರುತ್ತೇನೆಂದು ಎದ್ದ.

ಮರುದಿನ ಬಂದದ್ದು ಕೈಯಲ್ಲಿ ಒಂದು ಅರ್ಜಿ ಹಿಡಿದುಕೊಂಡು. ಇದನ್ನು ಹೇಳುವುದಕ್ಕೆ ನನಗೇ ಮುಜುಗರ. ಮನುಷ್ಯ ಅಷ್ಟೂ ಅಕ್ಷರ ಕಲಿತು ಕೊನೆಗೆ ಮಾಡಿದ್ದೇನೆಂದರೆ, ಕೋದಂಡಪ್ಪ ಬಿನ್ ಮುನಿವೆಂಕಟಪ್ಪ ಎಂಬವರಿಗೆ ಯಂತ್ರ ಅಳವಡಿಸಿದಲ್ಲಿ ಅದನ್ನು ಯಾವುದೇ ಕಾರಣಕ್ಕೂ ತೆಗೆಯಬಾರದಾಗಿ ಪ್ರಾರ್ಥನೆ ಎಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆದು, ಬೆಳಿಗ್ಗೆಯೇ ಕೋಲಾರಕ್ಕೆ ಹೋಗಿ ಟಪಾಲಿನಲ್ಲಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಒತ್ತಿಸಿಕೊಂಡು ಬಂದಿದ್ದ. ಮೊಹರಿದ್ದರೆ ಅದೇನೋ ಆದೇಶದ ಹಾಗೆ ಕಾಣುತ್ತದೆ, ಮಾವ ನಂಬುತ್ತಾನೆ ಎಂಬುದು ಅವನ ಲೆಕ್ಕಾಚಾರ. ಅಂದರೆ ಒಂದು ಸುಳ್ಳು ಬಿಡಿಸಲು ಇನ್ನೊಂದು ಸುಳ್ಳು, ಅದೂ ದುಂಡನೆಯ ಮೊಹರಿನ ಜೊತೆ.

ಕೋದಂಡಪ್ಪ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಇದ್ರಾಗೆ ನನ್ನ ಎಸ್ರು ಬರ್ದಿದ್ದೀಯಾ?" ಎಂದು ಕೇಳಿದ. ಚಲಪತಿ ಹೌದೆಂದ. "ಇಷ್ಟು ದಿನ ಅವ್ರಿಗೆ ನಾನ್ಯಾರು ಅಂತ ಗೊತ್ತಿರ್ಲಿಲ್ಲ ಕಣ್ಲಾ. ಈಗ ಗೊತ್ತಾಯ್ತು" ಎಂದು ಕಾಗದವನ್ನು ಹಾಸಿಗೆಯ ಕೆಳಗೆ ತುರುಕಿ ಕಣ್ಣು ಮುಚ್ಚಿದ. ಆಸ್ಪತ್ರೆ ಇದ್ದ ದಿಕ್ಕಿಗೂ ಇನ್ನು ತಲೆ ಹಾಕುವುದಿಲ್ಲ ಎಂದು ಶ್ಯಾಮಲಳಿಗೆ ಹೇಳಿದನಂತೆ.

ಗುರುವಾರ ಬೆಳಿಗ್ಗೆ ಚಲಪತಿ ಕಚೇರಿಗೆ ಹೊರಟವನು ದಾರಿಯಲ್ಲಿ ಮಾವನ ಮನೆಗೆ ಇಣುಕಿದ. ಮಾವನ ತುಟಿ ನೇರಳೆ ಹಣ್ಣು ತಿಂದವನ ಹಾಗಿತ್ತು. ಶ್ಯಾಮಲ ಗಂಜಿಯ ಚಮಚ ಹಿಡಿದು ಕೂತಿದ್ದಳು, ಅವನು ಬಾಯಿ ತೆರೆಯುತ್ತಿರಲಿಲ್ಲ. ಅವಳು ಚಲಪತಿಯನ್ನು ನೋಡಿದಳು, ಏನೂ ಕೇಳಲಿಲ್ಲ. ಆ ಕೇಳದೆ ಇರುವುದನ್ನು ಅವನು ತಡೆದುಕೊಳ್ಳಲಾರದೆ ಹೋದ. ಕದ ಮುಂದೆ ಮಾಡಿ ಬಂದು ಮಾವನ ಕಾಲ ಹತ್ತಿರ ನೆಲದ ಮೇಲೆ ಕೂತ.

"ಮಾಮ, ಸರ್ಕಾರ ತೆಗೀಲಿಲ್ಲ. ನಾನು ಒಪ್ಪಿ ರುಜು ಆಕಿದೆ. ಅಮ್ಮ ಏಳಿದ್ಲು ಅಂಗೆ ಮಾಡು ಅಂತ. ನಾನು ಒಪ್ದೆ ಇದ್ದಿದ್ರೆ ಯಾರೂ ಮುಟ್ತಿರ್ಲಿಲ್ಲ. ಅತ್ತೆ ಎಲ್ರ ಮುಂದೆ ಕೇಳಿದ್ಲು, ಎದುರ್ಕಂಡು ಸುಳ್ಳು ಏಳ್ಬುಟ್ಟೆ."

ಮಾವ ಕಣ್ಣು ತೆರೆದು ಅವನನ್ನೇ ನೋಡಿದ. ಬೈಯುತ್ತಾನೆ ಎಂದು ಚಲಪತಿ ತಲೆ ತಗ್ಗಿಸಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೋದಂಡಪ್ಪ ಒಂದೊಂದೇ ಮಾತನ್ನು ಕಿತ್ತು ಕಿತ್ತು ಹೇಳಿದ. "ಅಕ್ಕ ನಂಗೂ ಅಂಗೇ ಏಳಿದ್ಲು. ಮಿಷಿನ್ ಆಕ್ಬೇಡ್ರಿ ಅಂತ. ನಾನು ಅಲ್ಲಿದ್ದಿದ್ರೆ ನಾನೂ ರುಜು ಆಕ್ತಿದ್ದೆ. ಇದ್ನ ಏಳಾಕೆ ಮೂರು ದಿನ ಬೇಕಾಯ್ತೇನ್ಲಾ?"

ಮೂರು ದಿನವಲ್ಲ, ಮೂರು ತಿಂಗಳು. ಅವನು ಯಾರಿಗೆ ಹೆದರಿದ್ದನೋ ಆ ಜನದಲ್ಲಿ ಮೊದಲನೆಯವನೇ ಅವನ ಕಡೆಗಿದ್ದ. ಒಂದು ಸಲ ನಿಜ ಹೇಳಿದ್ದರೆ ಮಾವ ಅಂಗಳದಲ್ಲೇ ಎದ್ದು ನಿಂತು ಗಂಗರತ್ನಮ್ಮನ ಬಾಯಿ ಮುಚ್ಚಿಸುತ್ತಿದ್ದ. ಹೀಗೆ ಅನಿಸಿದಾಗ ಚಲಪತಿಗೆ ತನ್ನ ಮೈ ತನಗೇ ಹೇಸಿಗೆಯಾಯಿತು.

ಹೋಗೋಣ ಎಂದು ಮಾವ ತಾನೇ ಹೇಳಿದ. ಆಂಬುಲೆನ್ಸ್ ಬಂತು. ಕೋಲಾರದಲ್ಲಿ ನಳಿಕೆ ಹಾಕುವ ಮುಂಚೆ ಡಾಕ್ಟರಮ್ಮ ಕಾಗದಗಳನ್ನು ಹಿಡಿದುಕೊಂಡು ಮನೆಯವರು ಯಾರು ಎಂದು ಕೇಳಿದರು. ಕೋದಂಡಪ್ಪ ಮಗಳನ್ನು ತೋರಿಸಿ, ಆಮೇಲೆ ಚಲಪತಿಯ ಕಡೆ ಬೆರಳು ಮಾಡಿದ. ಅಷ್ಟು ಕಷ್ಟದಲ್ಲೂ ಅವನಿಗೆ ಗಾಡಿಯಲ್ಲಿ ಮಾತಾಡಿದ ಚಾಳಿ ಹೋಗಿರಲಿಲ್ಲ. "ನನ್ಗೂ ಕೊನೇ ಬಂದ್ರೆ ಇವ್ನ ಕೇಳಮ್ಮ. ಇವ್ನ ಕೈ ನೆಟ್ಗೈತೆ. ಬಾಯೇ ಸೊಟ್ಟ."

ನರ್ಸುಗಳು ನಕ್ಕರು. ಚಲಪತಿ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತ.

ಐದು ದಿನ ಯಂತ್ರ, ಆಮೇಲೆ ಬರೀ ಆಮ್ಲಜನಕ. ಹದಿನಾಲ್ಕನೆಯ ದಿನ ಕೋದಂಡಪ್ಪ ನಡೆದುಕೊಂಡೇ ಮನೆಗೆ ಬಂದ. ಮನೆಯಲ್ಲಿ ಪಾಯಸ ಮಾಡಿದ್ದರು. ಊಟವಾದ ಮೇಲೆ ಚಲಪತಿ ಮಾವನನ್ನೂ ಶ್ಯಾಮಲಳನ್ನೂ ಪಕ್ಕಕ್ಕೆ ಕರೆದು ಒಂದು ಬೇಡಿಕೆ ಇಟ್ಟ. ಆದದ್ದು ಆಯಿತು, ನೀನೂ ಉಳಿದೆ, ಇನ್ನು ಆ ಮಾತು ನಮ್ಮ ನಮ್ಮಲ್ಲೇ ಇರಲಿ, ಊರಿಗೆ ಯಾಕೆ ಎಂದ. ಶ್ಯಾಮಲ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಾವ, ನಿನ್ನ ಇಷ್ಟ ಅಲ್ಲುಡು ಎಂದ. ಆ ಧ್ವನಿಯಲ್ಲಿ ಇದ್ದದ್ದು ಕೋಪವಲ್ಲ, ಬೆಲೆ ಕಡಿಮೆಯಾದ ವಸ್ತುವನ್ನು ಹಿಂದಕ್ಕೆ ಇಡುವವರ ಧ್ವನಿ. ಚಲಪತಿಗೆ ಅದು ಗೊತ್ತಾಯಿತು. ಗೊತ್ತಾದರೂ ಒಪ್ಪಿಕೊಂಡರಲ್ಲ ಎಂದು ಸಮಾಧಾನಪಟ್ಟುಕೊಂಡ. ಇಂದ್ರಾಣಿ ಮಾತ್ರ ದಾರಿಯಲ್ಲಿ, ಊರಿಗೂ ಹೇಳಿಬಿಡಿ ಎಂದಳು. ನೋಡೋಣ ಎಂದ.

ಆ ನೋಡೋಣ ಜುಲೈಯಲ್ಲಿ ಮುಗಿಯಲಿಲ್ಲ, ಆಗಸ್ಟಿನಲ್ಲೂ ಮುಗಿಯಲಿಲ್ಲ.

ಆಯುಧಪೂಜೆ ಕಳೆದ ವಾರ, ಬೇತಮಂಗಲದ ಕಡೆಯ ಗಾರೆ ಕೆಲಸದವನೊಬ್ಬ ಮೇಜಿನ ಮುಂದೆ ಬಂದು ನಿಂತ. ವಿಜಯಕುಮಾರ್ ಎಂದು ಹೆಸರು, ಮೂವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಸಿಮೆಂಟು. ತಾಯಿ ತೀರಿಹೋಗಿ ಒಂದೂವರೆ ತಿಂಗಳಾಗಿತ್ತು, ಮರಣ ನೋಂದಣಿ ಮಾಡಿಸಿರಲಿಲ್ಲ. ಈಗ ತಡವಾಗಿದ್ದಕ್ಕೆ ಅರ್ಜಿಯೂ ಅಫಿಡವಿಟ್ಟೂ ಬೇಕೆಂದಿದ್ದರು. ಚಲಪತಿ ಹಾಳೆ ತೆಗೆದು ಕೇಳುತ್ತಾ ಬರೆದುಕೊಂಡ. ಹೆಸರು ಅನಸೂಯಮ್ಮ. ವಯಸ್ಸು ಐವತ್ತೆಂಟು. ಸತ್ತದ್ದು ಆಗಸ್ಟ್ ಇಪ್ಪತ್ತೊಂದು. ಎಲ್ಲಿ? ಮನೆಯಲ್ಲಿ. ಏನಾಗಿತ್ತು?

ಡೆಂಗಿ ಎಂದ ವಿಜಯಕುಮಾರ್. ಜ್ವರ ಶ್ವಾಸಕೋಶಕ್ಕೆ ಇಳಿದು, ಮೂರು ನಾಲ್ಕು ದಿನ ಮಿಷಿನ್ನಿನಲ್ಲಿ ಇಡಬೇಕು ಎಂದರಂತೆ. ಇವನು ಬೇಡವೆಂದು ಬರೆದುಕೊಟ್ಟು ಮನೆಗೆ ಕರೆದುಕೊಂಡು ಬಂದನಂತೆ. ಯಾಕೆ ಎಂದು ಚಲಪತಿ ಕೇಳಲಿಲ್ಲ. ಪೆನ್ನು ಹಾಳೆಯ ಮೇಲೆ ನಿಂತಿತ್ತು. ವಿಜಯಕುಮಾರ್ ತಾನಾಗಿಯೇ ಹೇಳಿದ. ಮಿಷಿನ್ ಹಾಕಿದರೆ ಆಮೇಲೆ ಅದು ಸರ್ಕಾರದ ಕೈಗೆ ಹೋಗುತ್ತದಂತೆ, ನಮ್ಮನ್ನು ಕೇಳದೆ ತೆಗೆದುಬಿಡುತ್ತಾರಂತೆ, ಈ ಕಚೇರಿ ಹತ್ತಿರದ ದೊಡ್ಡ ಮನುಷ್ಯರೊಬ್ಬರ ತಾಯಿಗೇ ಹಾಗಾಯಿತಂತೆ. ಅಮ್ಮನನ್ನು ಅವರ ಕೈಗೆ ಕೊಡುವ ಬದಲು ಮನೆಯಲ್ಲಿ ನಮ್ಮ ಕಣ್ಣ ಮುಂದೆ ಇರಲಿ ಎಂದುಕೊಂಡೆವು. ಎರಡೇ ದಿನ ಇದ್ದಳು. ಇದನ್ನೆಲ್ಲ ಅವನು ಮಳೆಯ ಸುದ್ದಿ ಹೇಳುವವನ ಹಾಗೆ ಹೇಳಿದ. ತಾನು ಸರಿಯಾದದ್ದನ್ನೇ ಮಾಡಿದೆ ಎಂಬ ನಂಬಿಕೆ ಅವನಲ್ಲಿತ್ತು.

ಆಗಸ್ಟ್ ಇಪ್ಪತ್ತೊಂದು. ಮಾವನ ಮುಂದೆ ಒಪ್ಪಿಕೊಂಡದ್ದು ಜೂನಿನಲ್ಲಿ. ನಡುವೆ ಎರಡು ತಿಂಗಳು ಇದ್ದವು. ಒಂದು ದಿನ ಗಂಗರತ್ನಮ್ಮನನ್ನು ಕರೆದು ನಿಜ ಹೇಳಿದ್ದರೆ ಸಾಕಿತ್ತು. ಸುಳ್ಳನ್ನು ಹೊತ್ತುಕೊಂಡು ಹೋದ ಗಂಟಲೇ ನಿಜವನ್ನೂ ಬೇತಮಂಗಲದವರೆಗೆ ಹೊತ್ತುಕೊಂಡು ಹೋಗುತ್ತಿತ್ತು. ಅವನು ಪಾಯಸ ತಿಂದು ಸುಮ್ಮನಿದ್ದ.

ಈಗಲೂ ಸುಮ್ಮನಿರಬಹುದಿತ್ತು. ಈ ಹುಡುಗನಿಗೆ ಚಲಪತಿಯ ಹೆಸರೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅವನ ನಂಬಿಕೆ ಅವನಿಗೆ ಉಳಿಯುತ್ತದೆ, ಅದೂ ಒಂದು ಉಪಕಾರವೇ ಎಂದು ಮನಸ್ಸು ಆಗಲೇ ಅರ್ಜಿ ಬರೆಯಲು ಶುರುಮಾಡಿತ್ತು. ಚಲಪತಿ ಪೆನ್ನು ಕೆಳಗಿಟ್ಟ. ಪಕ್ಕದ ಮೇಜಿನವರಿಬ್ಬರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ. "ಅದು ನಾನೇ ಕಣಪ್ಪಾ. ನಮ್ಮಮ್ಮನ ಮಿಷಿನ್ ತೆಗ್ಸಾಕೆ ರುಜು ಆಕಿದ್ದು ನಾನು. ಸರ್ಕಾರ ಅಂತ ಸುಳ್ಳು ಏಳ್ದೆ. ಮನೆಯೋರ್ನ ಕೇಳ್ದೆ ಯಾರೂ ತೆಗ್ಯಲ್ಲ."

ವಿಜಯಕುಮಾರ್ ಅವನನ್ನೇ ನೋಡುತ್ತಾ ನಿಂತ. ಹೊಡೆದರೂ ಹೊಡೆಯಲಿ ಎಂದು ಚಲಪತಿ ಕಾದ. ಹೊಡೆಯಲಿಲ್ಲ. ಕಚೇರಿಯ ಬಾಗಿಲ ಕಡೆ ಒಮ್ಮೆ ನೋಡಿ, "ಬರೀರಿ ಸಾ. ಒಂದ್ ಗಂಟೆಗೆ ಊಟಕ್ಕೆ ಎದ್ಬುಡ್ತಾರೆ" ಎಂದ.

ಚಲಪತಿ ಬರೆದ. ಒಂದು ಹಾಳೆ ಹಾಳಾಯಿತು, ಇನ್ನೊಂದು ತೆಗೆದ. ವಿಜಯಕುಮಾರ್ ತೋರಿಸಿದಲ್ಲಿ ಸಹಿ ಹಾಕಿ, ಕಾಗದ ಮಡಿಚಿ ಜೇಬಿಗಿಟ್ಟು ಹೊರಟ. ಮೆಟ್ಟಿಲವರೆಗೆ ಹೋದವನು ತಿರುಗಿ ಬಂದ.

"ಮಿಷಿನ್ ಆಕ್ಸಿದ್ರೆ ನಮ್ಮಮ್ಮ ಉಳೀತಿದ್ಲಾ ಸಾ?"

"ಡಾಕ್ಟ್ರು ಏನಂದಿದ್ರು?"

"ಉಳೀತಾಳೆ ಅಂದಿದ್ರು."

ಹೇಳಲು ಬೇರೆ ಎಷ್ಟೋ ಮಾತುಗಳಿದ್ದವು. ದೇವರ ಇಚ್ಛೆ ಎನ್ನಬಹುದಿತ್ತು, ಹೇಳಲು ಬರುವುದಿಲ್ಲಪ್ಪ ಎನ್ನಬಹುದಿತ್ತು. ಮೂವತ್ತು ವರ್ಷದಲ್ಲಿ ಅಂಥ ಸಾವಿರ ಮಾತು ಬರೆದಿದ್ದ ಚಲಪತಿ.

"ಉಳೀತಿದ್ಲು" ಎಂದ.

ವಿಜಯಕುಮಾರ್ ತಲೆಯಾಡಿಸಿ ಕಚೇರಿಯ ಮೆಟ್ಟಿಲು ಹತ್ತಿದ.